ಪೂಲ್ ಟೇಬಲಿನ ಎಡಬದಿ

ಮೊನ್ನೆ ಬಿ.ಸಿ.ರೋಡಿನಲ್ಲಿ ಇಸ್ತ್ರಿ ಅಂಗಡಿಯ ಎದುರು ನಿಂತಿದ್ದೆ. ಮಳೆ ಜೋರಾಗಿತ್ತು. ಅಂಗಡಿಯವನು ಸರಿಯಾಗಿ ಒಣಗದ ಒಂದು ಉಣ್ಣೆಯ ಕೋಟನ್ನು ಮೇಜಿನ ಮೇಲೆ ಹರಡಿ ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಿದ. ಆವಿ ಎದ್ದಿತು. ಒದ್ದೆ ಉಣ್ಣೆ ಕಾಯುವ ವಾಸನೆ ಮೂಗಿಗೆ ಬಡಿದದ್ದೇ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಕೊಡಲು ತಂದಿದ್ದ ಅಂಗಿಗಳನ್ನು ಕಂಕುಳಲ್ಲಿ ಹಿಡಿದುಕೊಂಡೇ ಹೋಗಿ ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಕುಳಿತೆ.

ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲವನ್ನು ನಾನು ಆ ವಾಸನೆಯೊಳಗೇ ಕಳೆದಿದ್ದೇನೆ. ಮೂಡುಬಿದಿರೆಯಲ್ಲಿ ನನ್ನ ಅಕ್ಕನ ಗಂಡ ಉಮೇಶ ಭಾವನದ್ದೊಂದು ಪೂಲ್ ಪಾರ್ಲರ್ ಇತ್ತು, ಟೇಬಲಿನ ಮೇಲೆ ಸ್ಟಿಕ್ಕಿನಿಂದ ಬಾಲು ಹೊಡೆದು ಆಡುವ ಆಟದ್ದು. ಮಹಡಿಯ ಮೇಲೆ, ಮಾಡಿಗೆ ತಗಡು ಹಾಕಿದ ಉದ್ದದ ಕೋಣೆ, ಎರಡು ಟೇಬಲು. ಮಳೆಗಾಲದಲ್ಲಿ ಟೇಬಲಿಗೆ ಹೊದೆಸಿದ ಹಸಿರು ಉಣ್ಣೆ ಬಟ್ಟೆ ತೇವ ಕುಡಿಯುತ್ತದೆ. ಆಗ ಬಾಲು ಉರುಳುವುದಿಲ್ಲ, ಕೆಸರಿನಲ್ಲಿ ನಡೆಯುವವರ ಹಾಗೆ ಕಾಲೆಳೆಯುತ್ತದೆ. ಅದಕ್ಕೆ ಭಾವ ದಿನಾ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಮನೆಯ ಇಸ್ತ್ರಿಪೆಟ್ಟಿಗೆಯಿಂದ ಆ ಬಟ್ಟೆಯನ್ನು ಉದ್ದಕ್ಕೆ ಉಜ್ಜುತ್ತಿದ್ದರು. ನಾನು ಗೋಡೆ ಬದಿಯ ಬೆಂಚಿನಲ್ಲಿ ಕೂತು ನೋಡುತ್ತಿದ್ದೆ. ನನ್ನನ್ನು ಒಬ್ಬನನ್ನೇ ಬಿಡಬಾರದು ಎಂದು ಡಾಕ್ಟರು ಹೇಳಿದ್ದರಿಂದ ಅಕ್ಕ ನನ್ನನ್ನು ಭಾವನ ಜೊತೆ ಕಳಿಸುತ್ತಿದ್ದಳು. ಫಿಟ್ಸ್ ಬಂದರೂ ಬರಬಹುದು ಎಂದಿದ್ದರು.

ನಾನು ಆಗ ಬಸ್ ಡ್ರೈವರ್. ಕ್ಲೀನರ್ ಆಗಿ ಬಸ್ಸು ಹತ್ತಿದವನು, ಆಮೇಲೆ ಕಂಡಕ್ಟರ್, ಆಮೇಲೆ ಸ್ಟಿಯರಿಂಗ್. ಹತ್ತನೇ ಪಾಸು ಮಾಡಿದ್ದು ಮದುವೆಯಾದ ಮೇಲೆ. ಬಂಟ್ವಾಳದಿಂದ ಬೆಳ್ತಂಗಡಿಗಾಗಿ ಚಾರ್ಮಾಡಿಯವರೆಗೆ ಹೋಗುವ ಸರ್ವಿಸ್ ಬಸ್ಸು ನನ್ನದಾಗಿತ್ತು. ನನ್ನದು ಎಂದರೆ ಧನಿಗಳದ್ದು, ಮಾಲಕರನ್ನು ನಾವು ಕರೆಯುವುದು ಹಾಗೆ. ಆದರೆ ಆ ಬಸ್ಸಿನ ಗೇರು ಯಾವ ತಿರುವಿನಲ್ಲಿ ಹೇಗೆ ಗೊಣಗುತ್ತದೆ ಎಂದು ನನಗೊಬ್ಬನಿಗೇ ಗೊತ್ತಿತ್ತು.

ಮಳೆ ಸುರುವಾಗುವ ಮೊದಲು ಒಂದು ದಿನ ಸಂಜೆ ಡ್ಯೂಟಿ ಮುಗಿಸಿ ಬೈಕಿನಲ್ಲಿ ಫರಂಗಿಪೇಟೆಗೆ ಹೋಗಿದ್ದೆ. ಹೆದ್ದಾರಿಯಲ್ಲಿ ನಾಯಿಯೊಂದು ಅಡ್ಡ ಬಂತು. ಅಷ್ಟೇ ನೆನಪಿರುವುದು. ಮಂಗಳೂರಿನ ಆಸ್ಪತ್ರೆಯಲ್ಲಿ ಎಚ್ಚರವಾದಾಗ ಹೆಂಡತಿ ಶಶಿಕಲಾ ಮಂಚದ ಎಡಗಡೆ ಕುಳಿತು ನನ್ನ ಕೈ ಹಿಡಿದುಕೊಂಡಿದ್ದಳಂತೆ. ನಾನು ನರ್ಸಿನ ಹತ್ತಿರ, "ನನ್ನ ಹೆಂಡತಿ ಇನ್ನೂ ಬರಲಿಲ್ವಾ?" ಎಂದು ಕೇಳಿದೆನಂತೆ.

ಡಾಕ್ಟರು ಬಿಡುಗಡೆಯ ದಿನ ವಿವರಿಸಿ ಹೇಳಿದರು. ಮೆದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದಿದೆ, ಕಣ್ಣು ಸರಿ ಇದೆ, ಆದರೆ ಎಡಗಡೆಗೆ ಗಮನ ಹೋಗುವುದಿಲ್ಲ. ಪ್ರತಿಯೊಂದಕ್ಕೂ ಬೇಕೆಂದೇ ತಲೆ ತಿರುಗಿಸಿ ಎಡದಿಂದ ನೋಡಲು ಸುರು ಮಾಡಬೇಕು. ಮಳೆಗಾಲ ಕಳೆದ ಮೇಲೆ ಪರೀಕ್ಷೆ ಮಾಡುವ, ಅಲ್ಲಿಯವರೆಗೆ ಸ್ಟಿಯರಿಂಗ್ ಮುಟ್ಟಬಾರದು.

ನಾನು ತಲೆಯಾಡಿಸಿದೆ, ನಂಬಲಿಲ್ಲ. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ ಎರಡು ಕಣ್ಣೂ ಚೆನ್ನಾಗಿವೆ ಎಂದಿದ್ದರು. ಮತ್ತೆ ನನಗೆ ಎಲ್ಲವೂ ಕಾಣುತ್ತಿತ್ತು. ಇದನ್ನು ಹೇಗೆ ಹೇಳುವುದೆಂದು ಈಗಲೂ ಗೊತ್ತಿಲ್ಲ. ಎಡಗಡೆ ಕತ್ತಲೆ ಇದ್ದಿದ್ದರೆ ನನಗೆ ಗೊತ್ತಾಗುತ್ತಿತ್ತು. ಕತ್ತಲೆ ಇರಲಿಲ್ಲ. ನಿಮ್ಮ ತಲೆಯ ಹಿಂದೆ ಈಗ ಏನಿದೆ ಎಂದು ನಿಮಗೆ ಕಾಣುವುದಿಲ್ಲ, ಆದರೆ ಅಲ್ಲಿ ಒಂದು ತೂತು ಇದೆ ಎಂದೂ ಅನಿಸುವುದಿಲ್ಲ ಅಲ್ಲವಾ? ಹಾಗೆ.

ಶಶಿ ಗೇರುಬೀಜದ ಕಾರ್ಖಾನೆಗೆ ಹೋಗುವವಳು, ನನ್ನನ್ನು ನೋಡಿಕೊಂಡು ಮನೆಯಲ್ಲಿ ಕೂತರೆ ಅಡುಗೆ ಬೇಯುವುದಿಲ್ಲ. ಹಾಗಾಗಿ ಮೂಡುಬಿದಿರೆಗೆ ಬಂದೆ. ಜುಲೈ ನಡುವಿಗೆ ನಮ್ಮ ಆಟಿ ತಿಂಗಳು ಸುರುವಾಗುವಾಗ ಧನಿಗಳು ಪಾರ್ಲರಿಗೇ ಬಂದು ನನ್ನನ್ನು ನೋಡಿದರು. ಒಳ್ಳೆಯ ಮನುಷ್ಯ. ಕೊಡೆಯನ್ನು ಬಾಗಿಲಲ್ಲಿ ಇಟ್ಟು, ನನ್ನ ಹೆಗಲು ಮುಟ್ಟಿ, ಭಾವನ ಹತ್ತಿರ ಹೇಳಿದರು.

"ಬದಲಿ ಡ್ರೈವರ್ ಒಬ್ಬ ಸಿಕ್ಕಿದ್ದಾನೆ. ಅವನಿಗೆ ಗಲ್ಫಿನ ವೀಸಾ ಬಂದಾಯ್ತು, ದಸರಾ ಕಳೆದ ಕೂಡಲೇ ಹೋಗ್ತಾನೆ. ಅಷ್ಟರೊಳಗೆ ಶೇಖರ ಸರಿ ಆದ್ರೆ ಬಸ್ಸು ಅವನದ್ದೇ. ಇಲ್ಲದಿದ್ರೆ ನಾನು ಬೇರೆ ಜನ ನೋಡ್ಬೇಕು. ಉಮೇಶ, ನೀವು ದಿನಾ ನೋಡುವವರು. ಅವನು ಆದನೋ ಇಲ್ವೋ ನೀವೇ ಹೇಳಿ."

"ಆಗ್ತಾನೆ ಧನಿ, ಆಗದೆ ಎಲ್ಲಿಗೆ?" ಎಂದರು ಭಾವ.

ಉಮೇಶ ಭಾವನಿಗೆ ಯಾರಿಗೂ ಇಲ್ಲ ಎಂದು ಹೇಳಿ ಗೊತ್ತಿಲ್ಲ. ಚಂದಾ ಕೇಳಲು ಬಂದವರಿಗೆ ಇಲ್ಲ ಎನ್ನಲು ಆಗದೆ ಮನೆಯ ಹಿಂಬಾಗಿಲಿನಿಂದ ಓಡುವವರು. ನಮ್ಮ ಕಡೆ ಹಾಗಿನವರು ಬಹಳ ಮಂದಿ. ಹುಷಾರಿಲ್ಲದವನ ಎದುರು ಬೇಸರದ ಮಾತು ಆಡಬಾರದು ಎಂಬುದು ಎಲ್ಲರಿಗೂ ಹುಟ್ಟಿನಿಂದ ಬಂದದ್ದು. ಆ ವರ್ಷ ಅದು ನನ್ನ ಸುತ್ತ ಗೋಡೆಯ ಹಾಗೆ ಎದ್ದಿತು.

ಮೊದಲು ಸ್ಟಿಕ್ ಹಿಡಿಸಿದ್ದು ಅಶ್ರಫ್. ಕೆಳಗಿನ ಮೊಬೈಲ್ ಅಂಗಡಿಯವನು, ಮಳೆಗೆ ಗಿರಾಕಿ ಇಲ್ಲದಾಗ ಮೇಲೆ ಬರುತ್ತಿದ್ದ. "ಕೂತು ಕೂತು ಬೂಸಲು ಬರ್ತದೆ ಶೇಖರಣ್ಣ. ಬನ್ನಿ, ಒಂದು ಆಟ ಆಡುವ" ಎಂದ. ಅವನ ಜೊತೆ ರಿಕ್ಷಾದ ಲ್ಯಾನ್ಸಿ. ಆಟ ಸುಲಭದ್ದು. ಒಬ್ಬನಿಗೆ ಇಡೀ ಬಣ್ಣದ ಬಾಲುಗಳು, ಇನ್ನೊಬ್ಬನಿಗೆ ಪಟ್ಟೆಯವು. ಬಿಳಿ ಬಾಲಿನಿಂದ ಹೊಡೆದು ನಿನ್ನದನ್ನೆಲ್ಲ ಹೊಂಡಕ್ಕೆ ಹಾಕಿ, ಕೊನೆಗೆ ಕಪ್ಪು ಬಾಲು ಹಾಕಬೇಕು.

ಆದರೆ ಪೆಟ್ಟು ಬಿದ್ದ ತಲೆಗೆ ಅದು ಘಾಟಿ ಹತ್ತಿದ ಹಾಗೆ. ಮನಸ್ಸು ಒಂದು ಕಡೆ ನಿಲ್ಲುತ್ತಲೇ ಇರಲಿಲ್ಲ. ಬಗ್ಗಿ ಸ್ಟಿಕ್ ಇಟ್ಟು ಗುರಿ ನೋಡುವಾಗ ಯಾರಾದರೂ ಕೊಡೆ ಬಿಡಿಸಿದರೆ ಸಾಕು, ಯಾವ ಬಾಲಿಗೆ ಹೊರಟಿದ್ದೆ ಎಂಬುದು ಸ್ಲೇಟು ಒರೆಸಿದ ಹಾಗೆ ಹೋಗುತ್ತಿತ್ತು. ಆಸ್ಪತ್ರೆಯಲ್ಲಿ ಒಬ್ಬರು ಮೇಡಂ ಹೇಳಿಕೊಟ್ಟಿದ್ದರು, ಒಂದು ಸಲಕ್ಕೆ ಒಂದೇ ಕೆಲಸ, ಅದನ್ನೂ ಬಾಯಿಬಿಟ್ಟು ಹೇಳಿಕೊಂಡು ಮಾಡಿ ಎಂದು. ನಾನು ಹಾಗೇ ಮಾಡಿದೆ. "ಚಾಕ್ ಹಚ್ಚಿದೆ. ಬಿಳಿ ಇಲ್ಲಿ. ಹಳದಿ ಅಲ್ಲಿ. ಹೊಂಡ ಅಲ್ಲಿ. ಉಸಿರು ಬಿಡು. ಹೊಡೆ."

"ಎಂತ ಶೇಖರಣ್ಣ, ಜಪವಾ?" ಎಂದು ಲ್ಯಾನ್ಸಿ ನಗುತ್ತಿದ್ದ. "ನಮ್ಮ ಚರ್ಚಿನಲ್ಲಿ ಸಹ ಇಷ್ಟು ಇಲ್ಲ ಮಾರಾಯ್ರೆ!"

ತಗಡಿನ ಮೇಲೆ ಮಳೆ ಒಂದೇ ಸಮ ಬೀಳುತ್ತಿದ್ದರೆ ನನಗೆ ಸುಖ. ಬೇರೆ ಎಲ್ಲ ಸದ್ದನ್ನೂ ಅದು ಮುಚ್ಚುತ್ತಿತ್ತು. ಮಳೆ ಒಮ್ಮೆಲೇ ನಿಂತರೆ ಹೆದರಿಕೆ. ಆ ಮೌನದಲ್ಲಿ ನನ್ನ ಕಿವಿಯೊಳಗಿನ ಗುಂಯ್ ಕೇಳುತ್ತಿತ್ತು, ಜೊತೆಗೆ ನನ್ನ ಹತ್ತಿರ ಯಾರೋ ನಿಂತ ಹಾಗೆ ಆಗುತ್ತಿತ್ತು. ತಿರುಗಿದರೆ ಅಶ್ರಫ್ ಅಲ್ಲೇ ನಿಂತಿರುತ್ತಿದ್ದ, ಯಾವಾಗಿನಿಂದಲೋ.

ಸ್ವಲ್ಪ ದಿನದಲ್ಲಿ ಗೆಲ್ಲತೊಡಗಿದೆ. ಅಶ್ರಫನನ್ನು ಸೋಲಿಸಿದೆ, ಲ್ಯಾನ್ಸಿಯನ್ನು ಸೋಲಿಸಿದೆ. ನಾನು ಗೆದ್ದಾಗ ಚಪ್ಪಾಳೆ ಬೀಳುತ್ತಿತ್ತು, ಆಮೇಲೆ ಎಲ್ಲರೂ ಬೇರೆ ಕಡೆ ನೋಡುತ್ತಿದ್ದರು. ಅದು ನನಗೆ ಆಗ ಅರ್ಥವಾಗಲಿಲ್ಲ. ಭಾವ ಫೋನಿನಲ್ಲಿ ಧನಿಗಳಿಗೆ ಹೇಳುವುದು ಕೇಳುತ್ತಿತ್ತು. "ಇಲ್ಲಿ ಎಲ್ಲರನ್ನೂ ಸೋಲಿಸ್ತಾನೆ ಧನಿ." ಧನಿಗಳ ದೊಡ್ಡ ದನಿ ಫೋನಿನ ಹೊರಗೂ ಬರುತ್ತಿತ್ತು. "ಮತ್ತೆಂತ? ಅಷ್ಟು ಸಣ್ಣ ಬಾಲನ್ನು ಅಷ್ಟು ಸಣ್ಣ ಹೊಂಡಕ್ಕೆ ಹಾಕುವವನಿಗೆ ನಮ್ಮ ಬಸ್ಸು ಒಂದು ಲೆಕ್ಕವಾ?"

ನಡುವೆ ವಿಚಿತ್ರ ಒಂದು ಇತ್ತು. ಟೇಬಲಿನ ಒಂದು ತುದಿಯಲ್ಲಿ ನಿಂತು ನೋಡಿದಾಗ ನನ್ನ ಬಾಲು ಎಲ್ಲ ಮುಗಿದಿರುತ್ತಿತ್ತು. ಕಪ್ಪಿಗೆ ಹೊಡೆಯುವ ಎಂದು ಇನ್ನೊಂದು ತುದಿಗೆ ಸುತ್ತಿ ಬಂದರೆ ಅಲ್ಲಿ ಒಂದು ಕೆಂಪು ಬಾಲು ಕೂತಿರುತ್ತಿತ್ತು. ಅಷ್ಟು ಹೊತ್ತು ಇಲ್ಲದ್ದು. ಮೊದಲ ಸಲ ನಕ್ಕೆ. ಮತ್ತೆ ಮತ್ತೆ ಆದಾಗ ಒಂದು ದಿನ ಸಿಟ್ಟು ಬಂದು ಸ್ಟಿಕ್ಕನ್ನು ಟೇಬಲಿನ ಮೇಲೆ ಇಟ್ಟುಬಿಟ್ಟೆ.

"ಅಶ್ರಫ್, ಹೊಂಡದಿಂದ ಬಾಲು ತೆಗೆದು ಇಡುವುದು ಯಾರು? ನಾನು ಮರುಳ ಅಂತ ಗ್ರಹಿಸಿದ್ದಾ ನೀವು?"

ಅಶ್ರಫ್ ಭಾವನ ಮುಖ ನೋಡಿದ. ಭಾವ ಕೆಳಗೆ ನೋಡಿದರು. ಲ್ಯಾನ್ಸಿ ಚಾಕಿನ ತುಂಡನ್ನು ಬೆರಳಲ್ಲಿ ತಿರುಗಿಸುತ್ತ ಇದ್ದ. ಮಳೆ ನಿಂತಿತ್ತು.

"ನಾನೇ ಶೇಖರಣ್ಣ," ಎಂದ ಅಶ್ರಫ್. "ತಮಾಷೆಗೆ ಇಟ್ಟದ್ದು. ಬೇಜಾರ ಮಾಡ್ಬೇಡಿ. ಇನ್ನು ಇಡುದಿಲ್ಲ."

ನನಗೆ ಸಮಾಧಾನವಾಯಿತು. ಅವನು ಯಾವ ಬಾಲನ್ನೂ ಮುಟ್ಟಿರಲಿಲ್ಲ ಎಂದು ಗೊತ್ತಾದದ್ದು ಆಮೇಲೆ. ಅದರ ನಂತರ ನನ್ನ ಬಾಲುಗಳು ಹೇಗೋ ಏನೋ ನನ್ನ ಬಲಗಡೆಗೇ ಬಂದು ನಿಲ್ಲುತ್ತಿದ್ದವು. ಅವರು ಹೊಡೆಯುವಾಗ ನನ್ನದಕ್ಕೆ ತಾಗಿಸಿ, ನನಗೆ ಸಿಗುವ ಕಡೆಗೆ ದೂಡಿ ಇಡುತ್ತಿದ್ದರು. ಅಷ್ಟು ಮಟ್ಟದ ಆಟಗಾರರು ಅವರು.

ಶ್ರಾವಣದಲ್ಲಿ ಬೆಳುವಾಯಿಯ ನೆಂಟರ ಮನೆಯಲ್ಲಿ ಸೀಮಂತದ ಊಟ. ಶಶಿಯೂ ಬಂದಿದ್ದಳು, ನನ್ನ ಪಕ್ಕದ ಎಲೆ ಅವಳದ್ದು. ನಾನು ಬಡಿಸುವವರನ್ನು ಕರೆದು, "ಉಪ್ಪು ಬರಲಿಲ್ಲ, ಉಪ್ಪಿನಕಾಯಿಯೂ ಬರಲಿಲ್ಲ. ಡ್ರೈವರಿಗೆ ಇಲ್ವಾ?" ಎಂದು ನಗೆಮಾಡಿದೆ. ಬಡಿಸುವವರು ಒಂದು ಕ್ಷಣ ನಿಂತು, ನನ್ನ ಬಲಗೈ ಹತ್ತಿರ ಉಪ್ಪು, ಉಪ್ಪಿನಕಾಯಿ ಹಾಕಿ ಮುಂದೆ ಹೋದರು. ಸಾಲಿನವರು ತಮ್ಮ ತಮ್ಮ ಎಲೆಗೆ ಬಗ್ಗಿದರು. ನನ್ನ ಎಲೆಯ ಎಡಮೂಲೆಯಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಎಲ್ಲವೂ ಇದ್ದವಂತೆ, ಹಾಗೇ ಎಲೆ ಮಡಚಿದೆನಂತೆ. ಶಶಿ ಅದನ್ನು ನೋಡಿಯೂ ಊಟ ಮುಗಿಸಿದಳು. ಕೈ ತೊಳೆಯುವಲ್ಲಿ ನನ್ನ ಮುಖವನ್ನು ಎಡಗಡೆಯಿಂದ ಸೆರಗಿನಲ್ಲಿ ಒರೆಸಿದಳು. ಆ ಬದಿಯ ಅರ್ಧ ಗಡ್ಡ ಬೋಳಿಸದೆ ಹಾಗೇ ಇತ್ತು ಎಂದು ಆಮೇಲೆ ಗೊತ್ತಾಯಿತು. ಆ ದಿನ ಅವಳು ಹೇಳಿದ್ದು ಇಷ್ಟೇ. "ಬಂಟ್ವಾಳದಲ್ಲಿ ಹೊಳೆ ಏರಿದೆ. ನಾನು ಬೇಗ ಹೋಗ್ಬೇಕು."

ಪೇಪರ್ ಓದುವುದನ್ನೂ ಬಿಟ್ಟಿದ್ದೆ. ಸಾಲುಗಳಿಗೆ ತಲೆಬುಡ ಇರುತ್ತಿರಲಿಲ್ಲ. ಈಗಿನವರಿಗೆ ಬರೆಯಲಿಕ್ಕೆ ಬರುವುದಿಲ್ಲ ಎಂದು ಭಾವನ ಹತ್ತಿರ ಬೈದೆ. "ಹೌದು ಮಾರಾಯ, ನನಗೂ ಅರ್ಥ ಆಗುದಿಲ್ಲ" ಎಂದರು ಭಾವ.

ಚೌತಿ ಹತ್ತಿರವಾದಾಗ ಹೊಸಬನೊಬ್ಬ ಮೆಟ್ಟಿಲು ಹತ್ತಿ ಬಂದ. ಇಂಜಿನಿಯರಿಂಗ್ ಓದುವವನು, ವಿಜಯಪುರದ ಕಡೆಯವನು, ಹೆಸರು ಬಸವರಾಜ. ಅಶ್ರಫ್ ಅಂಗಡಿಯಲ್ಲಿದ್ದ, ಲ್ಯಾನ್ಸಿ ಬಾಡಿಗೆಗೆ ಹೋಗಿದ್ದ. ಭಾವ ಚಾ ತರಲು ಇಳಿದಿದ್ದರು. "ಆಡೂಣೇನ್ರಿ ಅಣ್ಣಾರ?" ಎಂದು ಕೇಳಿದ. ಆಡಿದೆವು.

ನಾನು ಜಪ ಮಾಡುತ್ತ ಹೊಡೆದೆ. ನಾಲ್ಕು ಬಾಲು ಹಾಕಿ, ಮುಂದಿನದಕ್ಕೆ ಎಲ್ಲಿ ಹೊಡೆಯುವುದೆಂದು ತಿಳಿಯದೆ ಬಗ್ಗಿಯೇ ನಿಂತೆ. ನನ್ನದು ಮುಗಿದಿದೆ, ಆದರೆ ಕಪ್ಪಿಗೆ ದಾರಿ ಇಲ್ಲ.

"ಯಾಕ ನಿಂತ್ರಿ? ನಿಮ್ಮವು ಇಲ್ಲೇ ಅದಾವಲ್ರಿ."

"ಎಲ್ಲಿ?"

"ಇಲ್ಲಿ ನೋಡ್ರಿ, ನಿಮ್ಮ ಕೈ ಬುಡಕ್ಕ! ಮೂರು ಅದಾವ. ಕಾಣವಲ್ಲವೇನ್ರಿ?"

ಅವನು ನನ್ನ ಎಡ ಮೊಣಕೈಯನ್ನು ಹಿಡಿದು ಅಲ್ಲಾಡಿಸಿದ. ಆಗ ಆ ಕಡೆ ತಿರುಗಿದೆ. ನೀಲಿ, ಕೆಂಪು, ಹಸಿರು. ನನ್ನ ಕೈಗೆ ತಾಗುವ ಹಾಗೆ ಕೂತಿದ್ದವು. ಇಟ್ಟವನು ಎಲ್ಲಿ ಎಂದು ಸುತ್ತ ನೋಡಿದೆ. ಅಶ್ರಫ್ ಕೋಣೆಯಲ್ಲಿ ಇರಲಿಲ್ಲ.

ಆ ಆಟದಲ್ಲಿ ಸೋತೆ. ಇನ್ನೊಂದು ಆಡಿದೆವು, ಅದರಲ್ಲೂ ಸೋತೆ. ಭಾವ ಚಾ ಹಿಡಿದುಕೊಂಡು ಬಂದವರು ಬಾಗಿಲಲ್ಲೇ ನಿಂತು ನೋಡಿದರು. ಆಮೇಲೆ ಅವನನ್ನು ಮೆಟ್ಟಿಲಿಗೆ ಕರೆದುಕೊಂಡು ಹೋದರು. ಭಾವನ ಮಾತು ಕೇಳಲಿಲ್ಲ, ಅವನದ್ದು ಕೇಳಿತು.

"ಅವರಿಗೆ ಹುಷಾರಿಲ್ಲಂದ್ರ ಅವರಿಗೇ ಹೇಳ್ರಿ. ಸುಳ್ಳ ಸೋಲಾಕ ನನಗ ಬರಂಗಿಲ್ಲ."

ಅವನು ಮತ್ತೆ ಆ ಕಡೆ ಬರಲಿಲ್ಲ. ಭಾವ ಒಳಗೆ ಬಂದು ನನಗೆ ಚಾ ಕೊಟ್ಟರು. "ಘಟ್ಟದ ಮೇಲಿನವರು ಹಾಗೇ ಶೇಖರ. ಬಾಯಿ ಸ್ವಲ್ಪ ಜೋರು."

ಮರುದಿನ ಮಧ್ಯಾಹ್ನ ಭಾವ ಊಟಕ್ಕೆ ಹೋಗುವಾಗ, ನಿದ್ರೆ ಬರುತ್ತದೆ, ಇಲ್ಲೇ ಬೆಂಚಿನಲ್ಲಿ ಮಲಗುತ್ತೇನೆ ಎಂದೆ. ಅವರು ಅನುಮಾನಿಸುತ್ತಲೇ ಹೋದರು. ಒಳಗಿನಿಂದ ಚಿಲಕ ಹಾಕಿದೆ. ಎಲ್ಲ ಬಾಲುಗಳನ್ನೂ ಟೇಬಲಿನ ಮೇಲೆ ಚೆಲ್ಲಿ, ಒಂದೇ ಜಾಗದಲ್ಲಿ ನಿಂತು, ಕಂಡದ್ದನ್ನೆಲ್ಲ ಕೈಯಿಂದ ದೂಡಿ ಹೊಂಡಕ್ಕೆ ಹಾಕಿದೆ. ಟೇಬಲ್ ಖಾಲಿಯಾಯಿತು. ಹಸಿರು ಬಟ್ಟೆ ಮಾತ್ರ. ತಗಡಿನ ಮೇಲೆ ಮಳೆ ಬೀಳುತ್ತಿತ್ತು. ಸ್ವಲ್ಪ ಹೊತ್ತು ಹಾಗೇ ನಿಂತು ಮತ್ತೆ ಟೇಬಲನ್ನು ಸುತ್ತಿ ಆ ಬದಿಗೆ ಹೋದೆ.

ಅರ್ಧ ಟೇಬಲ್ ತುಂಬ ಬಾಲುಗಳಿದ್ದವು.

ಚಿಲಕ ಹಾಕಿದ ಹಾಗೇ ಇತ್ತು. ನಾನು ಎಷ್ಟು ಹೆದರಿದೆ ಎಂದರೆ ಕಿರುಚಲಿಕ್ಕೂ ಆಗಲಿಲ್ಲ. ಬೆಂಚಿನ ಕೆಳಗೆ ಯಾರಾದರೂ ಅಡಗಿದ್ದಾರಾ ಎಂದು ಬಗ್ಗಿ ನೋಡಿದೆ. ಯಾರೂ ಇರಬಾರದು ಎಂದು ಬೇಡುವವರು ಉಂಟು. ಆ ದಿನ ನಾನು, ಯಾರಾದರೂ ಇರಲಿ ದೇವರೇ, ಕಳ್ಳನಾದರೂ ಇರಲಿ ಎಂದು ಬೇಡಿಕೊಂಡೆ. ಯಾರೂ ಇರಲಿಲ್ಲ. ಆಗ ಬಸ್ಸಿನ ನೆನಪಾಯಿತು. ಬಸ್ಸಿನ ಬಾಗಿಲು ಎಡಗಡೆ. ಜನ ನಿಲ್ಲುವುದು ಎಡಗಡೆ. ಶಾಲೆಯ ಮಕ್ಕಳು, ಮೀನಿನ ಬುಟ್ಟಿಯವರು, ಕೈ ತೋರಿಸುವ ಮುದುಕರು, ಎಲ್ಲರೂ ಎಡಗಡೆಯೇ.

ಯಾರಿಗೂ ಹೇಳಲಿಲ್ಲ. ಅವರು ನನ್ನ ಹತ್ತಿರ ಹೇಳಲಿಲ್ಲ, ನಾನು ಅವರ ಹತ್ತಿರ ಹೇಳಲಿಲ್ಲ. ದಸರಾಕ್ಕೆ ಇನ್ನೂ ದಿನ ಇತ್ತು. ಡಾಕ್ಟರು ಹೇಳಿದ್ದನ್ನು ಆಗ ಸುರು ಮಾಡಿದೆ. ಟೇಬಲಿನ ಹತ್ತಿರ ಬಂದ ಕೂಡಲೇ ಗದ್ದ ಎಡ ಹೆಗಲಿಗೆ ತಾಗುವವರೆಗೆ ತಲೆ ತಿರುಗಿಸುವುದು, ಅಲ್ಲಿನ ಮರದ ಅಂಚನ್ನು ಕೈಯಿಂದ ಮುಟ್ಟುವುದು, ಅಲ್ಲಿಂದ ಕಣ್ಣನ್ನು ನಿಧಾನ ಬಲಕ್ಕೆ ಎಳೆಯುವುದು. ಜಪಕ್ಕೆ ಒಂದು ಮಾತು ಸೇರಿತು. "ಎಡ ನೋಡಿದೆ. ಚಾಕ್ ಹಚ್ಚಿದೆ. ಬಿಳಿ ಇಲ್ಲಿ." ಒಂದು ಆಟ ಹಾಗೆ ಆಡಿದರೆ ಗದ್ದೆ ಉತ್ತಷ್ಟು ಸುಸ್ತು. ಎರಡನೆಯದರಲ್ಲಿ ಮಾತು ತಪ್ಪುತ್ತಿತ್ತು, ಮಾತು ತಪ್ಪಿದ ಕೂಡಲೇ ಎಡಬದಿ ಸದ್ದಿಲ್ಲದೆ ಹೋಗುತ್ತಿತ್ತು. ಕುತ್ತಿಗೆ ನೋಯುತ್ತಿತ್ತು. ಆದರೂ ಬಿಡಲಿಲ್ಲ. ದಿನ ಹೋದ ಹಾಗೆ ಮಾತು ತಪ್ಪುವುದು ಕಡಿಮೆಯಾಯಿತು.

ನವರಾತ್ರಿ ಸುರುವಾದ ವಾರ ಅಶ್ರಫನ ಜೊತೆ ಆಡುವಾಗ ಅವನು ನನ್ನ ಹಸಿರು ಬಾಲನ್ನು ತಿಳಿಯದೆ ಎಡಮೂಲೆಗೆ ದೂಡಿದ. ದೂಡಿದ ಮೇಲೆ ನಾಲಿಗೆ ಕಚ್ಚಿಕೊಂಡ. ನಾನು ತಲೆ ತಿರುಗಿಸಿ, ಅದನ್ನು ಕಂಡು, ಅಲ್ಲಿಂದಲೇ ಹೊಂಡಕ್ಕೆ ಹಾಕಿದೆ. ಆಮೇಲೆ ಕಪ್ಪನ್ನೂ ಹಾಕಿದೆ. ಅಶ್ರಫ್ ನನ್ನನ್ನು ಅಪ್ಪಿಕೊಂಡು ಕುಣಿದ.

"ಉಮೇಶಣ್ಣ, ನೋಡಿದ್ರಾ! ಈ ಸಲ ನಾನು ಬಿಟ್ಟುಕೊಟ್ಟದ್ದಲ್ಲ, ಆಣೆ ಉಂಟು!"

ಹೇಳಿದ ಮೇಲೆ ಅವನಿಗೆ ಗೊತ್ತಾಯಿತು. ಲ್ಯಾನ್ಸಿ ಅವನ ಬೆನ್ನಿಗೆ ಗುದ್ದಿದ. ನಾನು ಕೇಳಿಸದವನ ಹಾಗೆ ಸ್ಟಿಕ್ ಒರೆಸಿದೆ. ನನಗೆ ಬೇಸರವಾಗಲಿಲ್ಲ. ಈ ಸಲದ್ದು ಸತ್ಯ ಎಂಬುದೇ ನನ್ನೊಳಗೆ ಉಬ್ಬಿತು. ಆದೆ, ನಾನು ಸರಿಯಾದೆ ಎಂದುಕೊಂಡೆ. ಭಾವ ಮಾತ್ರ ನಗಲಿಲ್ಲ. ನನ್ನನ್ನು ಬಹಳ ಹೊತ್ತು ನೋಡಿ ಕೇಳಿದರು.

"ಶೇಖರ, ಇಲ್ಲಿ ಟೇಬಲ್ ನಿಂತಲ್ಲೇ ನಿಲ್ತದಲ್ಲ?"

"ಮತ್ತೆಂತ, ಓಡ್ತದಾ ಭಾವ?"

"ಅಲ್ಲ, ಸುಮ್ಮನೆ ಕೇಳಿದ್ದು" ಎಂದು ಇಸ್ತ್ರಿಪೆಟ್ಟಿಗೆಯ ವಯರನ್ನು ಸುತ್ತತೊಡಗಿದರು.

ಆಯುಧ ಪೂಜೆಯ ಹಿಂದಿನ ದಿನ ಧನಿಗಳು ಬರಹೇಳಿದರು. ಡಾಕ್ಟರ ಪರೀಕ್ಷೆ ಇನ್ನೂ ಆಗಿರಲಿಲ್ಲ. ಭಾವ ಬಿಳಿ ಪಂಚೆ ಉಟ್ಟು ಜೊತೆಗೆ ಬಂದರು. ಧನಿಗಳ ಮನೆ ಬೆಳ್ತಂಗಡಿ ಪೇಟೆಯಿಂದ ಸ್ವಲ್ಪ ಒಳಗೆ, ಎದುರು ದೊಡ್ಡ ಅಂಗಳ. ಬಸ್ಸು ಅಂಗಳದ ತುದಿಯಲ್ಲಿ ನಿಂತಿತ್ತು. ಪೂಜೆಗೆ ಮೊದಲು ತೊಳೆಯಬೇಕಿತ್ತು. ಚಾರ್ಮಾಡಿ ರಸ್ತೆಯ ಕೆಂಪು ಕೆಸರು ಬಂಪರಿನವರೆಗೆ ಮೆತ್ತಿಕೊಂಡಿತ್ತು. ಮಳೆ ಹನಿಯುತ್ತಿತ್ತು. ಇಷ್ಟು ತಿಂಗಳ ಮೇಲೆ ಅದನ್ನು ನೋಡುತ್ತಿದ್ದೆ.

ಧನಿಗಳು ಜಗಲಿಯಿಂದಲೇ ಕೀಲಿಕೈ ಕೊಟ್ಟರು. "ರಸ್ತೆಗೆ ಬೇಡ. ಪಂಪಿನ ಹತ್ತಿರ ತಂದು ನಿಲ್ಲಿಸು ಶೇಖರ. ನಾಡಿದ್ದಿಗೆ ಕೈ ಸ್ವಲ್ಪ ಕೂಡಿಬರಲಿ."

ನಾನು ಭಾವನ ಮುಖ ನೋಡಿದೆ. ಭಾವ ಬಸ್ಸಿನ ಕಡೆ ನೋಡಿದರು. "ಹತ್ತು," ಎಂದರು. "ನಾನು ಹಿಂದಿನಿಂದ ಬರ್ತೇನೆ."

ಹತ್ತಿ ಕುಳಿತೆ. ಗದ್ದವನ್ನು ಎಡಕ್ಕೆ ತಿರುಗಿಸಿದೆ. ಖಾಲಿ ಸೀಟುಗಳು, ತೆರೆದ ಬಾಗಿಲು, ಅಂಗಳ. "ಎಡ ನೋಡಿದೆ" ಎಂದು ಗಟ್ಟಿಯಾಗಿ ಹೇಳಿದೆ. ಸ್ಟಾರ್ಟ್ ಮಾಡಿದೆ. ಇಂಜಿನ್ ಗುಡುಗಿತು. ಆ ಸದ್ದು ಎದೆಗೆ ಬಂತು. ಕಾಲಿಗೆ ಕ್ಲಚ್ಚು ಸಿಕ್ಕಿತು, ಕೈಗೆ ಗೇರು. ಎಲ್ಲಿ ಗೊಣಗುತ್ತಿತ್ತೋ ಅಲ್ಲೇ ಗೊಣಗಿತು. ವೈಪರ್ ಹಾಕಿದೆ. ಬಲಗಡೆಯ ಕನ್ನಡಿ ನೋಡಿದೆ, ಪಂಪು ನೋಡಿದೆ, ಪಂಪಿನ ಬದಿಯ ತೆಂಗಿನ ಮರಕ್ಕೆ ತಾಗಬಾರದು ಎಂದು ಲೆಕ್ಕ ಹಾಕಿದೆ. ಭಾವ ಹತ್ತಿದ ಸದ್ದು ಬರಲಿಲ್ಲ.

"ಭಾವ, ಎಲ್ಲಿ ಹೋದ್ರಿ? ಹತ್ತಿ, ಹೋಗುವ!"

ನಡೆದುಕೊಂಡೇ ಪಂಪಿನ ಹತ್ತಿರ ಹೋಗಿರಬೇಕು ಎಂದುಕೊಂಡೆ. ಎದುರು ಗಾಜಿನಲ್ಲಿ ಅಂಗಳ ಖಾಲಿ ಇತ್ತು. ಸ್ಪಷ್ಟ ಖಾಲಿ. ಈಗಲೂ ಕಣ್ಣು ಮುಚ್ಚಿದರೆ ಆ ಖಾಲಿ ಅಂಗಳವೇ ಕಾಣುವುದು. ಕ್ಲಚ್ಚನ್ನು ನಿಧಾನ ಬಿಟ್ಟೆ. ಬಸ್ಸು ಮುಂದೆ ಸರಿಯಿತು.

ಎದುರಿನ ತಗಡಿಗೆ ಬಲವಾದ ಪೆಟ್ಟು ಬಿತ್ತು. ಅಂಗೈಯ ಪೆಟ್ಟು, ಒಂದೇ. ಬಸ್ಸಿನವರಿಗೆ ಒಂದು ಪೆಟ್ಟು ಎಂದರೆ ನಿಲ್ಲಿಸು ಎಂದು. ತಲೆಗಿಂತ ಮೊದಲು ಕಾಲಿಗೆ ಅರ್ಥವಾಯಿತು, ಬ್ರೇಕಿನ ಮೇಲೆ ನಿಂತಿತು. ಇಂಜಿನ್ ಕೆಮ್ಮಿ ಆರಿತು. ವೈಪರ್ ಮಾತ್ರ ಆಡುತ್ತಿತ್ತು.

ಗದ್ದವನ್ನು ಎಡಕ್ಕೆ ತಿರುಗಿಸಿದೆ. ಗಾಜಿನ ಎಡ ಅರ್ಧದಲ್ಲಿ, ಬಸ್ಸಿನ ಎದುರಿಗೇ, ಉಮೇಶ ಭಾವ ನಿಂತಿದ್ದರು. ಅಂಗೈ ಗಾಜಿನ ಕೆಳಗೆ ಊರಿತ್ತು. ಅವರು ಓಡಿ ಬಂದವರ ಹಾಗೆ ಇರಲಿಲ್ಲ. ಮೊದಲಿನಿಂದ ಅಲ್ಲೇ ನಿಂತವರ ಹಾಗೆ ಮೈಯೆಲ್ಲ ಒದ್ದೆಯಾಗಿದ್ದರು. ನಾನು ಅವರನ್ನು ಕರೆದದ್ದು ಅವರ ಮುಖಕ್ಕೇ.

ಇಳಿದು ಸುತ್ತಿ ಬಂದೆ. ಬರುವಾಗ ಬಸ್ಸಿನ ಎದುರು ಭಾಗವನ್ನು ಕೈಯಿಂದ ಮುಟ್ಟುತ್ತ ಬಂದೆ, ಇಲ್ಲದಿದ್ದರೆ ಮತ್ತೆ ಅವರು ಕಾಣದೆ ಹೋದಾರೆಂಬ ಹೆದರಿಕೆ. ಭಾವನ ಬಿಳಿ ಪಂಚೆಯ ಮೇಲೆ, ತೊಡೆಗೆ ಸರಿಯಾಗಿ, ಬಂಪರಿನ ಕೆಂಪು ಕೆಸರು ಅಡ್ಡಕ್ಕೆ ಗೆರೆ ಎಳೆದಿತ್ತು. ಅವರು ಹಿಂದೆ ಸರಿದಿರಲಿಲ್ಲ.

ಧನಿಗಳು ಕೊಡೆ ಬಿಡಿಸುತ್ತ ಇಳಿದು ಬಂದರು. "ಎಂತ ಆಯ್ತು? ಯಾಕೆ ಆಫಾದದ್ದು?"

"ಎಂತದೂ ಇಲ್ಲ ಧನಿ," ಎಂದರು ಭಾವ. "ನಾನು ಎದುರು ಬಂದೆ. ಕಾಲು ಜಾರಿತು. ಕೆಸರು ಅಲ್ವಾ?"

ಧನಿಗಳು ಪಂಚೆ ನೋಡಿದರು, ನನ್ನನ್ನು ನೋಡಿದರು. ಮಳೆ ಸ್ವಲ್ಪ ಜೋರಾಯಿತು. ಭಾವ ಪಂಚೆಯನ್ನು ಮಡಚಿ ಮೇಲೆ ಕಟ್ಟಲು ಹೊರಟರು, ಗೆರೆ ಒಳಗೆ ಹೋಗುವ ಹಾಗೆ. ನಾನು ಅವರ ಕೈ ಹಿಡಿದೆ.

"ಭಾವ ಜಾರಿದ್ದಲ್ಲ ಧನಿ," ಎಂದೆ. "ಭಾವ ಅಲ್ಲೇ ನಿಂತಿದ್ರು. ನನಗೆ ಕಾಣ್ಲಿಲ್ಲ."

ಧನಿಗಳು ಕೊಡೆಯನ್ನು ನಮ್ಮಿಬ್ಬರ ಮೇಲೆ ಹಿಡಿದು ಇನ್ನೊಂದು ಕೈ ಚಾಚಿದರು. ಕೀಲಿಕೈ ಬಸ್ಸಿನಲ್ಲೇ ಇತ್ತು. ಅದನ್ನು ತರಲು ಭಾವ ನನ್ನನ್ನು ಬಿಡಲಿಲ್ಲ, ತಾವೇ ಹತ್ತಿದರು.